ಅಮ್ಮನ ವಿಷಯ ಈಗಲೇ ಮಾತಾಡೋಣ

ಸ್ಟುಟ್‌ಗಾರ್ಟ್

ಪ್ರೀತಿಯ ಅಣ್ಣ, ಅತ್ತಿಗೆ,

ನಾವೆಲ್ಲ ಕ್ಷೇಮ. ಫೋನಿನಲ್ಲಿ ಈ ಮಾತು ಎತ್ತಿದರೆ ‘ಈಗೇನು ಅವಸರ’ ಅಂತ ನೀನು ತೇಲಿಸಿಬಿಡುತ್ತೀಯ. ಅದಕ್ಕೇ ಕಾಗದ.

ಅಮ್ಮನಿಗೆ 78 ಆಯಿತು. ನಡೆದಾಡುವಾಗಲೇ, ಮಾತು ಸ್ಪಷ್ಟ ಇರುವಾಗಲೇ ಎಲ್ಲ ಕೂತು ಯೋಚಿಸೋದು ಒಳ್ಳೇದಲ್ವಾ?

ಇಲ್ಲಿ ಜರ್ಮನಿಯಲ್ಲಿ 1995ರಿಂದ ಮುಪ್ಪಿನ ಆರೈಕೆಗೆ ಬೇರೆಯೇ ವಿಮೆ ಇದೆ. ಪ್ರತಿ ತಿಂಗಳು ಸಂಬಳದಲ್ಲೇ ಕಂತು ಹಿಡಿಯುತ್ತಾರೆ. ನಮ್ಮ ಕೆಳಗಿನ ಮನೆ ಅಜ್ಜಿಯನ್ನು ನೋಡಲು ವಿಮೆಯ ಕಡೆಯಿಂದ ಒಬ್ಬಳು ಬಂದಿದ್ದಳು. ಯಾವ ಕಾಯಿಲೆ ಅನ್ನುವುದಕ್ಕಿಂತ, ಒಬ್ಬರೇ ಏಳುತ್ತೀರಾ, ಸ್ನಾನ ಮಾಡುತ್ತೀರಾ, ಮಾತ್ರೆ ನೆನಪಿರುತ್ತದಾ ಅಂತ ಅಜ್ಜಿಯನ್ನೇ ಕೇಳಿದಳು. ಅದರ ಮೇಲೆ 1ರಿಂದ 5ರವರೆಗೆ ದರ್ಜೆ. 2ನೇ ದರ್ಜೆಯವರನ್ನು ಮನೆಯವರೇ ನೋಡಿಕೊಂಡರೆ ತಿಂಗಳಿಗೆ 347 ಯೂರೋ ಬರುತ್ತದೆ. ಮಗಳೋ ಸೊಸೆಯೋ ಮಾಡುವುದೂ ಇವರಿಗೆ ಕೆಲಸವೇ. ನಾವಾದರೋ ಅತ್ತಿಗೆಗೆ ಸೊಂಟನೋವು ಅಂದರೆ ಮುಲಾಮು ತಂದುಕೊಟ್ಟು ಸುಮ್ನಾಗುತ್ತೇವೆ.

ಹಾಗಾಗಿ ಬೆಳಿಗ್ಗೆ ಸ್ನಾನದ ಹೊತ್ತಿಗಾದರೂ ಒಬ್ಬರನ್ನು ಗೊತ್ತುಮಾಡು. ಸಂಬಳ ನಾನು ಕಳಿಸುತ್ತೇನೆ. ‘ಸೊಸೆ ಇದ್ದೂ ಹೊರಗಿನವರಾ’ ಅಂತ ಅಮ್ಮ ರಾಗ ತೆಗೆಯಬಹುದು. ಯಾರು ಬಂದರೆ ಒಪ್ಪುತ್ತಾಳೆ ಅಂತ ಮೊದಲು ಅವಳನ್ನೇ ಕೇಳು. ಆಯುಷ್ಮಾನ್ ಕಾರ್ಡ್ ಈ ಖರ್ಚಿಗೆ ಆಗಲ್ಲ. 70 ದಾಟಿದವರಿಗೆ ಅಂತ 2024ರಲ್ಲಿ ಶುರುವಾದ 5 ಲಕ್ಷದ ಸರ್ಕಾರಿ ವಿಮೆ ಅದು, ಆಸ್ಪತ್ರೆಗೆ ಸೇರಿದರೆ ಮಾತ್ರ.

ಬಚ್ಚಲುಮನೆ ರಿಪೇರಿ ಮಾತ್ರ ಮುಂದೂಡಬೇಡ. ಕಳೆದ ಸಲ ನೋಡಿದೆ, ಅಮ್ಮ ಟವೆಲ್ ಹಾಕುವ ರಾಡನ್ನೇ ಹಿಡಿದು ಕಮೋಡಿನಿಂದ ಏಳುತ್ತಾಳೆ. ಒಂದು ಕಡೆ ಸ್ಕ್ರೂ ಆಗಲೇ ಗೋಡೆ ಬಿಟ್ಟು ಬಂದಿತ್ತು. ಗೋಡೆಗೆ ಗಟ್ಟಿ ಹಿಡಿಕೆ ಕೂರಿಸಿ, ರಾತ್ರಿಗೆ ಒಂದು ಸಣ್ಣ ದೀಪ ಹಾಕಿಸು.

ದುಡ್ಡುಕಾಸಿನ ವ್ಯವಹಾರಕ್ಕೆ ಪವರ್ ಆಫ್ ಅಟಾರ್ನಿ, ಅಂದರೆ ಅಮ್ಮನ ಪರವಾಗಿ ಸಹಿ ಹಾಕುವ ಅಧಿಕಾರಪತ್ರ, ಇದ್ದರೆ ಸಾಕು ಅಂದೆಯಲ್ಲ, ಸಾಕಾಗಲ್ಲ. ನಮ್ಮ ಕಾನೂನಿನಲ್ಲಿ, ಬರೆದುಕೊಟ್ಟವರ ಬುದ್ಧಿ ಸ್ವಾಧೀನ ತಪ್ಪಿದರೆ ಅದು ಅಲ್ಲಿಗೇ ಮುಗಿಯಿತು. ಬೇಕಾದ ಹೊತ್ತಿಗೇ ಕೈಕೊಡುವ ಕಾಗದ! ಬ್ಯಾಂಕಿನಲ್ಲಿ ಅಮ್ಮನ ಉಳಿತಾಯ ಖಾತೆಗೆ ನಿನ್ನ ಹೆಸರನ್ನೂ ಸೇರಿಸೋಕಾಗುತ್ತಾ ಕೇಳು. ಉಯಿಲಿಗೆ ಇಬ್ಬರು ಸಾಕ್ಷಿ ಬೇಕು. ಅದನ್ನು ಅಮ್ಮನಿಗೆ ಮನಸ್ಸಾದಾಗ ಮಾಡಿಸಿದರಾಯಿತು, ಒತ್ತಾಯ ಬೇಡ.

ಅತ್ತಿಗೆ, ಯುಗಾದಿಗೆ ಬರುತ್ತೇನೆ, ಒಂದು ತಿಂಗಳು ಇರುತ್ತೇನೆ. ನೀವು ಆಗ ಸಾಗರಕ್ಕೆ, ತವರಿಗೆ ಹೋಗಿಬನ್ನಿ. ಅಮ್ಮನ ಮಾತ್ರೆ, ಊಟ ನನಗಿರಲಿ. ನನ್ನ ಸಾರಿಗೆ ಅವಳು ಬೈದರೆ ಬೈಸಿಕೊಳ್ಳುತ್ತೇನೆ. ಹೊರಡುವ ಮುಂಚೆ ಯಾವ ಮಾತ್ರೆ ಯಾವಾಗ ಅಂತ ಬರೆದು ಫ್ರಿಜ್ ಮೇಲೆ ಅಂಟಿಸಿರಿ, ಅಷ್ಟು ಸಾಕು.

ಇಂತಿ ನಿಮ್ಮ ತಮ್ಮ