ಎಣಿಸಲಿ ಬಿಡು

ಪ್ರೀತಿಯ ಸುಮಾ,

ನಿನ್ನ ಪತ್ರದ ಆ ಒಂದು ಸಾಲು ಓದಿದಾಗಿನಿಂದ ಮನಸ್ಸಿಗೆ ಸಮಾಧಾನವೇ ಇಲ್ಲ. "ಪಾಪುಗೆ ಏಳು ತುಂಬಿತು, ಇನ್ನೂ ಬೆರಳು ಮಡಚಿಯೇ ಕೂಡಿಸುತ್ತಾಳೆ, ಬುದ್ಧಿ ಮಂದ ಇರಬಹುದಾ ಅತ್ತೆ?" ಮಿಕ್ಕಿದ್ದಕ್ಕೆಲ್ಲ ಆಮೇಲೆ ಬರೆಯುತ್ತೇನೆ.

ಮಂದ ಅಂತ ಯಾರು ಹೇಳಿದರು? ನಿನ್ನಜ್ಜಿ ಹಾಲಿನ ಲೆಕ್ಕ ಹೇಗೆ ಇಡುತ್ತಿದ್ದರು, ನೀನೇ ನೋಡಿದ್ದೀಯಲ್ಲ. ಹೆಬ್ಬೆರಳು ಗೆಣ್ಣಿನಿಂದ ಗೆಣ್ಣಿಗೆ ಸರಿಯುತ್ತಿತ್ತು, ನಾಲ್ಕು ಬೆರಳಿಗೆ 12. ಹಾಲಿನವನ ಚೀಟಿ ತಪ್ಪಿದರೂ ಅವರ ಕೈ ತಪ್ಪುತ್ತಿರಲಿಲ್ಲ.

ನಿನಗೆ ಹೇಳದ ಒಂದು ವಿಷಯ ಇದೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ, ಎರಡನೇ ಕ್ಲಾಸಿನ ಒಬ್ಬ ಹುಡುಗನಿಗೆ ಬೆರಳೆಣಿಸಬೇಡ ಅಂತ ಕೈ ಕಟ್ಟಿ ನಿಲ್ಲಿಸಿದ್ದೆ. ಎಂಟಕ್ಕೆ ಐದು ಸೇರಿಸು ಅಂದೆ. ನನ್ನ ಮುಖವನ್ನೇ ನೋಡುತ್ತಿದ್ದ. ಕೆಳಗೆ ನೋಡಿದರೆ ಬರಿಗಾಲಿನ ಹೆಬ್ಬೆರಳು ಮೆಲ್ಲಗೆ ನೆಲ ಮುಟ್ಟುತ್ತಿತ್ತು, ಎತ್ತುತ್ತಿತ್ತು, ಮತ್ತೆ ಮುಟ್ಟುತ್ತಿತ್ತು. ಐದು ಸಲ. "ಹದಿಮೂರು ಮಿಸ್." ಉತ್ತರ ಸರಿಯೇ ಇತ್ತು. ಆದರೂ ಕಾಲೂ ಅಲ್ಲಾಡಿಸಬೇಡ ಅಂತ ಗದರಿದೆ. ಆ ವರ್ಷ ಪೂರ್ತಿ ಅವನು ನನ್ನ ಲೆಕ್ಕಕ್ಕೆ ಬಾಯಿ ಬಿಡಲಿಲ್ಲ. ಈಗಲೂ ಆ ಕಾಲು ಕಣ್ಣ ಮುಂದೆ ಬರುತ್ತದೆ.

ನಿನ್ನ ಪತ್ರ ಬಂದ ಮೇಲೆ ಹುಡುಕಿ ಹುಡುಕಿ ಓದಿದೆ. 2015ರಲ್ಲಿ ಬರ್ಟೆಲೆಟ್ಟಿ, ಬೂತ್ ಅನ್ನುವ ಇಬ್ಬರು ಸಂಶೋಧಕರು 8ರಿಂದ 13 ವರ್ಷದ ಮಕ್ಕಳ ಮಿದುಳನ್ನು ಸ್ಕ್ಯಾನ್ ಮಾಡಿ ನೋಡಿದ್ದಾರೆ. ಕಳೆಯುವ ಲೆಕ್ಕ ಮಾಡುವಾಗ ಬೆರಳು ಆಡಿಸದೇ ಇದ್ದರೂ, ಮಿದುಳಲ್ಲಿ ಬೆರಳಿಗೆ ಅಂತ ಇರುವ ಜಾಗ ಕೆಲಸ ಮಾಡುತ್ತಿತ್ತಂತೆ. ಅಂದರೆ ಬೆರಳು ಹೊರಗೆ ನಿಂತರೂ ಒಳಗೆ ನಡೆಯುತ್ತಲೇ ಇರುತ್ತದೆ, ಅಲ್ವಾ? ಶಿಕಾಗೋದ ಮನಶ್ಶಾಸ್ತ್ರಜ್ಞೆ ಸೂಸನ್ ಗೋಲ್ಡಿನ್-ಮೆಡೋ ಮತ್ತು ಅವರ ಜೊತೆಗಾರರು 2008ರಲ್ಲಿ ಇನ್ನೊಂದು ತೋರಿಸಿದರು. ಸಮದ ಗುರುತಿನ ಎರಡೂ ಕಡೆ ಕೈ ತೋರಿಸುತ್ತಾ ಲೆಕ್ಕ ಕಲಿತ ಮಕ್ಕಳಿಗೆ ನಾಲ್ಕು ವಾರ ಆದ ಮೇಲೂ ಅದು ನೆನಪಿತ್ತು. ಬರೀ ಬಾಯಲ್ಲಿ ಹೇಳಿ ಕಲಿತವರಲ್ಲಿ ತುಂಬಾ ಜನ ಮರೆತಿದ್ದರು. ಇದನ್ನೆಲ್ಲ ನಾನು ಆಗಲೇ ತಿಳಿದಿದ್ದರೆ!

ಮತ್ತೆ ಅದೇ ಮಾತಿಗೆ ಬರುತ್ತೇನೆ, ಬೇಜಾರಾಗಬೇಡ. ಅವಳು ಮಂದ ಅಲ್ಲ. ಕಛೇರಿಯಲ್ಲಿ ನಲವತ್ತು ವರ್ಷ ಹಾಡಿದವರೂ ಆದಿತಾಳಕ್ಕೆ ತೊಡೆ ಮೇಲೆ ಒಂದು ಪೆಟ್ಟು ಹಾಕಿ, ಕಿರುಬೆರಳಿನಿಂದ ಶುರುಮಾಡಿ ಎಣಿಸುತ್ತಾರೆ. ಅವರನ್ನು ಯಾರಾದರೂ ಮಂದ ಅನ್ನುತ್ತಾರಾ?

ಏನು ಮಾಡಬೇಕು ಅಂದರೆ, ಅಷ್ಟು ಹೇಳುವ ಹಕ್ಕು ನನಗಿದೆಯೋ ಇಲ್ಲವೋ. ಅಳಗುಳಿಮಣೆ ಅಟ್ಟದ ಮೇಲಿದೆ, ಕಳಿಸಲಾ? ಹುಣಸೆಬೀಜ ಹಾಕಿಕೊಂಡು ಸುಮ್ನೆ ಆಡಿ, ಲೆಕ್ಕ ಅಂತ ಹೇಳಬೇಡ. ಬೆರಳು ಯಾವಾಗ ನಿಲ್ಲುತ್ತದೆ ಅಂತ ಕಾಯುತ್ತಾ ಕೂರಬೇಡ, ಮಕ್ಕಳಿಗೆ ಅದು ಗೊತ್ತಾಗಿಬಿಡುತ್ತದೆ. ಅವಳ ಟೀಚರ್ ಜೊತೆಗೂ ಒಂದು ಮಾತು ಆಡು, ಜಗಳ ಬೇಡ.

ಇನ್ನೊಂದು. ವಿಡಿಯೋ ಕಾಲ್ ಮಾಡಿದಾಗ ಅವಳ ಮುಖ ಮಾತ್ರ ತೋರಿಸುತ್ತೀಯ. ಭಾನುವಾರ ಅವಳು ಲೆಕ್ಕ ಮಾಡುವಾಗ ಫೋನ್ ಸ್ವಲ್ಪ ಕೆಳಗಿಡು. ನಾನು ಕೈ ನೋಡಬೇಕು.

ನಿನ್ನ
ಅತ್ತೆ