ಮೊದಲು ಹೆಸರು, ಆಮೇಲೆ ಫಾರಂ

ಕಾರ್ಯಕ್ರಮದ ಫೋಟೊ, ಮಕ್ಕಳ ನಾಟಕದ ವರದಿ, ಹೊಸ ಸಮಿತಿಯ ವಿವರ ಎಲ್ಲ ಒಳಪುಟಗಳಲ್ಲಿವೆ. ಈ ಸಲ ಸಂಪಾದಕೀಯದ ಜಾಗ ಕಾಗದಪತ್ರಕ್ಕೆ. ಕಾರಣ ಇಷ್ಟೇ: ನಮ್ಮ ಕನ್ನಡ ಸಂಘಕ್ಕೆ ಬರುವ ಇಮೇಲ್‌ಗಳಲ್ಲಿ ಕನ್ನಡ ತರಗತಿ ಯಾವಾಗ ಶುರು ಅಂತ ಕೇಳುವವರಿಗಿಂತ, ಹೊರದೇಶದಲ್ಲಿ ವಾಸಕ್ಕೆ ಬೇಕಾದ ರೆಸಿಡೆನ್ಸ್ ಪರ್ಮಿಟ್‌ನ ನಮ್ಮ ಅರ್ಜಿ ಯಾಕೆ ವಾಪಸ್ ಬಂತು ಅಂತ ಕೇಳುವವರೇ ಜಾಸ್ತಿ ಆಗಿದ್ದಾರೆ. ನಮ್ಮ ಓದುಗರೂ ಈಗ ಒಂದೇ ದೇಶದಲ್ಲಿಲ್ಲ. ಕೆಲಸ ಬದಲಾದ ಹಾಗೆ ದೇಶ ಬದಲಾಗುತ್ತದೆ, ಪತ್ರಿಕೆ ಮಾತ್ರ ಹಳೆಯ ಇಮೇಲ್ ವಿಳಾಸಕ್ಕೇ ಹೋಗುತ್ತಿರುತ್ತದೆ. ಹಾಗಾಗಿ ಇಂಥ ದೇಶದ ಇಂಥ ಫಾರಂ ಹೀಗೆ ತುಂಬಿ ಅಂತ ಇಲ್ಲಿ ಬರೆಯಲು ಹೋಗುವುದಿಲ್ಲ.

ಹೇಳಬೇಕಾದದ್ದು ಒಂದೇ. ಕೌಂಟರಿನ ಆ ಕಡೆ ಕೂತವರಿಗೆ ನಿಮ್ಮ ಓದು, ನಿಮ್ಮ ಹುದ್ದೆ, ನಿಮ್ಮ ಒಳ್ಳೆಯತನ ಯಾವುದೂ ಕಾಣಿಸುವುದಿಲ್ಲ. ಅವರು ಒಂದು ಕಾಗದವನ್ನು ಇನ್ನೊಂದರ ಪಕ್ಕ ಇಟ್ಟು, ಎರಡೂ ಒಂದೇ ಮಾತು ಹೇಳುತ್ತಿವೆಯಾ ಅಂತ ನೋಡುತ್ತಾರೆ. ಅವರು ನೋಡುವ ಮೊದಲೇ ನೀವು ನೋಡಿಬಿಡಿ. ಒಂದು ಸಂಜೆ ಇಡೀ ಮನೆಮಂದಿಯ ಪಾಸ್‌ಪೋರ್ಟ್, ಬರ್ತ್ ಸರ್ಟಿಫಿಕೇಟ್, ಮದುವೆ ನೋಂದಣಿ ಪತ್ರ, ಮಾರ್ಕ್ಸ್ ಕಾರ್ಡ್, ಡಿಗ್ರಿ ಎಲ್ಲ ಮೇಜಿನ ಮೇಲೆ ಹರಡಿಕೊಂಡು ಕೂತರೆ ಮುಂದಿನ ತೊಂದರೆಗಳಲ್ಲಿ ಮುಕ್ಕಾಲು ಪಾಲು ಅಲ್ಲೇ ಕಣ್ಣಿಗೆ ಬೀಳುತ್ತವೆ.

ಮೊದಲು ಬೀಳುವುದು ಹೆಸರು. ನಮ್ಮ ಕಡೆಯವರಿಗೆ ಇದೇ ದೊಡ್ಡ ತಲೆನೋವು. ಮಾರ್ಕ್ಸ್ ಕಾರ್ಡಿನಲ್ಲಿ ಹೆಸರಿನ ಮುಂದೆ ಎಚ್.ಎನ್. ಅಂತ ಇನಿಶಿಯಲ್ ಇರುತ್ತದೆ. ಪಾಸ್‌ಪೋರ್ಟಿನಲ್ಲಿ ಅದೇ ಇನಿಶಿಯಲ್ ಬಿಡಿಸಿಕೊಂಡು ಊರಿನ ಹೆಸರು, ಅಪ್ಪನ ಹೆಸರು ಎರಡೂ ಉದ್ದಕ್ಕೆ ನಿಂತಿರುತ್ತವೆ. ಮದುವೆ ಪತ್ರದಲ್ಲಿ ಎರಡೂ ಇಲ್ಲ, ಬರೀ ಹೆಸರು. ನಮಗೆ ಮೂರೂ ಒಬ್ಬರೇ ಅಂತ ಗೊತ್ತು. ಕಂಪ್ಯೂಟರಿಗೆ ಮೂವರು. ಇನ್ನು ಕೆಲವರ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿಯೇ. ಭಾರತದ ಪಾಸ್‌ಪೋರ್ಟಿನಲ್ಲಿ ಹಾಗೆ ಖಾಲಿ ಬಿಡಲು ಅವಕಾಶ ಇದೆ, ಅದರಲ್ಲಿ ತಪ್ಪೇನೂ ಇಲ್ಲ. ತೊಂದರೆ ಶುರುವಾಗುವುದು ಗಡಿ ದಾಟಿದ ಮೇಲೆ. ಅಮೆರಿಕದ ವೀಸಾದಲ್ಲಿ ಆ ಒಂಟಿ ಹೆಸರು ಸರ್‌ನೇಮ್ ಜಾಗಕ್ಕೆ ಹೋಗಿ ಕೂರುತ್ತದೆ, ಮೊದಲ ಹೆಸರಿನ ಜಾಗದಲ್ಲಿ ಎಫ್‌ಎನ್‌ಯು ಅಂತ ಮೂರು ಅಕ್ಷರ ಬರುತ್ತದೆ. ಮೊದಲ ಹೆಸರು ಗೊತ್ತಿಲ್ಲ ಅಂತ ಅದರ ಅರ್ಥ. ಆಮೇಲೆ ಡ್ರೈವಿಂಗ್ ಲೈಸೆನ್ಸ್‌ನಿಂದ ಬ್ಯಾಂಕಿನ ಪತ್ರದವರೆಗೆ ನಿಮ್ಮನ್ನು ಎಫ್‌ಎನ್‌ಯು ಅಂತಲೇ ಕರೆಯುತ್ತಾರೆ. ಯುಎಇ 2022ರ ನವೆಂಬರ್‌ನಿಂದ ಒಂದೇ ಹೆಸರಿನ ಪಾಸ್‌ಪೋರ್ಟ್ ಇಟ್ಟುಕೊಂಡು ವಿಸಿಟ್ ವೀಸಾದಲ್ಲಿ ಬರುವವರನ್ನು ಒಳಗೇ ಬಿಡುವುದಿಲ್ಲ ಅಂದಿತು. ಇದು ನಮ್ಮೊಬ್ಬರ ಪಾಡಲ್ಲ, ಇಂಡೊನೇಷ್ಯಾದವರೂ ಮ್ಯಾನ್ಮಾರ್‌ನವರೂ ಇದೇ ಸಾಲಿನಲ್ಲಿ ನಿಂತಿರುತ್ತಾರೆ.

ಪಾಸ್‌ಪೋರ್ಟಿನ ಫೋಟೊ ಪುಟದ ಕೆಳಗಡೆ ಬಾಣದ ಗುರುತುಗಳು ತುಂಬಿದ ಎರಡು ಸಾಲು ಇವೆಯಲ್ಲ, ಅದನ್ನು ಒಮ್ಮೆ ನಿಧಾನವಾಗಿ ಓದಿ. ಒಂದೊಂದು ಸಾಲಿಗೆ 44 ಅಕ್ಷರ. ಅದರಲ್ಲಿ ಹೆಸರಿಗೆ ಸಿಗುವುದು 39. ಅಪ್ಪನ ಹೆಸರು, ಊರು, ಮನೆತನ ಎಲ್ಲ ಸೇರಿಸಿಕೊಂಡ ಉದ್ದನೆಯ ಹೆಸರು ಅಲ್ಲಿ ಹಿಡಿಸದೆ ಕತ್ತರಿಸಿಹೋಗುತ್ತದೆ. ಯಂತ್ರ ಓದುವುದು ಈ ಸಾಲನ್ನು, ಮೇಲೆ ಚೆಂದವಾಗಿ ಅಚ್ಚಾದ ಹೆಸರನ್ನಲ್ಲ. ಹಾಗಾಗಿ ಫಾರಂ ತುಂಬುವಾಗ ಮನೆಯಲ್ಲಿ ಕರೆಯುವ ಹೆಸರು, ಆಫೀಸಿನಲ್ಲಿ ಚಾಲ್ತಿಯಲ್ಲಿರುವ ಹೆಸರು ಎಲ್ಲ ಮರೆತು ಪಾಸ್‌ಪೋರ್ಟ್ ಏನು ಹೇಳುತ್ತದೋ ಅದನ್ನೇ, ಅದೇ ಸ್ಪೆಲಿಂಗಿನಲ್ಲಿ, ಅದೇ ಕ್ರಮದಲ್ಲಿ ಬರೆಯಿರಿ. ಎರಡೂ ಹೆಸರು ಒಬ್ಬರದೇ ಅಂತ ಅಫಿಡವಿಟ್ ಮಾಡಿಸಿಕೊಂಡರೆ ಸಾಕು ಅಂತ ಊರಿನ ವಕೀಲರು ಧೈರ್ಯ ಕೊಡುತ್ತಾರೆ. ಭಾರತದ ಕಚೇರಿಗಳಲ್ಲಿ ಅದು ಎಷ್ಟೋ ಕಡೆ ನಡೆಯುತ್ತದೆ. ಹೊರಗಡೆ ಅದೇ ಕಾಗದವನ್ನು ಇದೇನಿದು ಅಂತ ತಿರುಗಿಸಿ ನೋಡುವವರೂ ಇದ್ದಾರೆ. ನನ್ನ ಅಭಿಪ್ರಾಯ ಕೇಳುವುದಾದರೆ, ಸರ್‌ನೇಮ್ ಬೇರ್ಪಡಿಸಿಕೊಂಡು ಪಾಸ್‌ಪೋರ್ಟ್ ರೀಇಶ್ಯೂ ಮಾಡಿಸುವ ಯೋಚನೆ ಇದ್ದರೆ ಮೊದಲ ಪರ್ಮಿಟ್ ಅರ್ಜಿಗಿಂತ ಮುಂಚೆಯೇ ಮಾಡಿಸಿಬಿಡಿ. ಆಮೇಲೆ ಬದಲಾಯಿಸಿದರೆ ಪರ್ಮಿಟ್, ಬ್ಯಾಂಕ್, ತೆರಿಗೆ, ವಿಮೆ, ಮಕ್ಕಳ ಸ್ಕೂಲು, ಎಲ್ಲದರ ಹಿಂದೆಯೂ ಓಡಬೇಕು.

ಇನ್ನು ಮುದ್ರೆಯ ವಿಷಯ. ಅಪೊಸ್ಟಿಲ್ ಅನ್ನುವ ಪದ ಕೇಳಿದರೇ ಕೆಲವರಿಗೆ ಬೆವರು. ಒಂದು ದೇಶದ ಕಾಗದವನ್ನು ಇನ್ನೊಂದು ದೇಶ ಒಪ್ಪಲಿ ಅಂತ ಅದಕ್ಕೆ ಹಾಕಿಸುವ ದೃಢೀಕರಣದ ಮುದ್ರೆ ಅದು, ನಿಜಕ್ಕೂ ಸರಳ ವ್ಯವಸ್ಥೆ. 1961ರ ಅಕ್ಟೋಬರ್ 5ರಂದು ಹೇಗ್‌ನಲ್ಲಿ ಆದ ಒಪ್ಪಂದ, ಭಾರತಕ್ಕೆ ಅನ್ವಯವಾದದ್ದು 2005ರಲ್ಲಿ. ಒಂದು ಚೌಕ, ಪ್ರತಿ ಬದಿ ಕನಿಷ್ಠ 9 ಸೆಂಟಿಮೀಟರ್, ತಲೆಬರಹ ಫ್ರೆಂಚಿನಲ್ಲಿ, ಒಳಗೆ 1ರಿಂದ 10ರವರೆಗೆ ನಂಬರು ಹಾಕಿದ ಸಾಲುಗಳು: ಯಾವ ದೇಶದ ಕಾಗದ, ಯಾರ ಸಹಿ, ಯಾವ ಹುದ್ದೆಯಲ್ಲಿದ್ದು ಸಹಿ ಮಾಡಿದರು, ಯಾರ ಮುದ್ರೆ, ಎಲ್ಲಿ ದೃಢೀಕರಿಸಿದ್ದು, ಯಾವತ್ತು, ಯಾರು, ನಂಬರು ಎಷ್ಟು, ಕೊನೆಗೆ ಮುದ್ರೆ ಮತ್ತು ಸಹಿ. ಅಷ್ಟೇ. ನಿಮ್ಮ ಡಿಗ್ರಿ ಅಸಲಿಯೋ ನಕಲಿಯೋ ಅಂತ ಅದು ಹೇಳುವುದಿಲ್ಲ. ಆ ಕಾಗದದ ಮೇಲಿನ ಸಹಿ ಮತ್ತು ಮುದ್ರೆ ಸರಿಯಾದವರದ್ದು ಅಂತ ಮಾತ್ರ ಹೇಳುತ್ತದೆ. ಅಪೊಸ್ಟಿಲ್ ಆಗಿದೆಯಲ್ಲ, ಇನ್ನೇನು ಪ್ರಶ್ನೆ ಅಂತ ಕೌಂಟರಿನಲ್ಲಿ ವಾದ ಮಾಡುವವರು ಇದನ್ನು ಗಮನದಲ್ಲಿಟ್ಟುಕೊಂಡರೆ ಒಳ್ಳೆಯದು.

ಇದರಲ್ಲೂ ಒಂದು ತಿರುವು ಇದೆ. ಚೀನಾಕ್ಕೆ ಈ ಒಪ್ಪಂದ ಜಾರಿಯಾದದ್ದು 2023ರ ನವೆಂಬರ್‌ನಲ್ಲಿ, ಕೆನಡಾಕ್ಕೆ 2024ರ ಜನವರಿಯಲ್ಲಿ. ಅದಕ್ಕೂ ಮೊದಲು ಅಲ್ಲಿಗೆ ಹೋದವರು ರಾಯಭಾರ ಕಚೇರಿ ಸುತ್ತಿ ಅಟೆಸ್ಟೇಷನ್, ಅಂದರೆ ಕಾಗದದ ದೃಢೀಕರಣ, ಮಾಡಿಸಿಕೊಂಡ ಕಥೆ ಹೇಳುತ್ತಾರೆ, ಅವರ ಕಾಲಕ್ಕೆ ಅದು ಸರಿಯೇ. ಜರ್ಮನಿ, ಭಾರತ ಎರಡೂ ಈ ಒಪ್ಪಂದದಲ್ಲಿವೆ. ಆದರೆ ಭಾರತ ಸೇರುವುದಕ್ಕೆ ಜರ್ಮನಿ ಆಕ್ಷೇಪ ಎತ್ತಿದ್ದರಿಂದ ಈ ಎರಡು ದೇಶಗಳ ನಡುವೆ ಅಪೊಸ್ಟಿಲ್ ಲೆಕ್ಕಕ್ಕೆ ಬರಲಿಲ್ಲ. ಕಾಗದ ಅಸಲಿಯೇ ಅಂತ ಬೇರೆಯಾಗಿ ಪರಿಶೀಲನೆ ಮಾಡಿಸುವ ದಾರಿ ಹಿಡಿಯಬೇಕಾಯಿತು. ಇದು ಗೊತ್ತಿಲ್ಲದೆ ಏಜೆಂಟರಿಗೆ ದುಡ್ಡು ಕೊಟ್ಟು ಸುಮ್ನೆ ಎಲ್ಲ ಸರ್ಟಿಫಿಕೇಟಿಗೂ ಅಂಟಿಸಿಕೊಂಡು ಬರುವವರಿದ್ದಾರೆ. ಕಾಗದ ತೆಗೆದುಕೊಳ್ಳುವ ಕಚೇರಿಯನ್ನು ಮೊದಲು ಕೇಳಿ, ಆಮೇಲೆ ಖರ್ಚು ಮಾಡಿ. ಅನುವಾದವೂ ಹಾಗೆಯೇ: ಯಾವ ಅನುವಾದಕರನ್ನು ಒಪ್ಪುತ್ತೀರಿ, ಅಪೊಸ್ಟಿಲ್ ಆದಮೇಲೆ ಅನುವಾದವೋ ಅದಕ್ಕೂ ಮೊದಲೋ ಅಂತ ಕೇಳಿಕೊಳ್ಳಿ. ಮತ್ತೆ, ದಯವಿಟ್ಟು, ಮೂಲ ಸರ್ಟಿಫಿಕೇಟುಗಳಿಗೆ ಲ್ಯಾಮಿನೇಷನ್ ಮಾಡಿಸಬೇಡಿ. ಪ್ಲಾಸ್ಟಿಕ್ಕಿನ ಮೇಲೆ ಮುದ್ರೆ ಒತ್ತುವುದು ಹೇಗೆ?

ಹೊಸ ದೇಶದಲ್ಲಿ ಇಳಿದ ಮೇಲೆ ಎದುರಾಗುವುದು ಸುತ್ತು. ಮನೆ ಬಾಡಿಗೆಗೆ ಬ್ಯಾಂಕ್ ಖಾತೆ ಕೇಳುತ್ತಾರೆ, ಬ್ಯಾಂಕಿನವರು ವಿಳಾಸದ ನೋಂದಣಿ ಕೇಳುತ್ತಾರೆ, ನೋಂದಣಿಗೆ ಮನೆ ಬೇಕು. ಹುಚ್ಚು ಬಿಡದೆ ಮದುವೆ ಆಗುವುದಿಲ್ಲ, ಮದುವೆ ಆಗದೆ ಹುಚ್ಚು ಬಿಡುವುದಿಲ್ಲ ಅಂತಾರಲ್ಲ, ಅದೇ. ಈ ಸುತ್ತು ಸಾಮಾನ್ಯವಾಗಿ ಬಿಡಿಸಿಕೊಳ್ಳುವುದು ವಿಳಾಸದ ಕಡೆಯಿಂದ. ಜರ್ಮನಿಯಲ್ಲಿ ಮನೆಗೆ ಬಂದ ಎರಡು ವಾರದೊಳಗೆ ನೋಂದಣಿ ಆಗಬೇಕು, ಮನೆ ಕೊಟ್ಟವರ ಸಹಿ ಇರುವ ದೃಢೀಕರಣ ಪತ್ರವೂ ಬೇಕು. ಜಪಾನಿನಲ್ಲಿ ರೆಸಿಡೆನ್ಸ್ ಕಾರ್ಡ್ ದೊಡ್ಡ ವಿಮಾನ ನಿಲ್ದಾಣದಲ್ಲೇ ಕೈಗೆ ಕೊಡುತ್ತಾರೆ, ಮನೆ ಗೊತ್ತಾದ 14 ದಿನದೊಳಗೆ ಸ್ಥಳೀಯ ಕಚೇರಿಯಲ್ಲಿ ಆ ವಿಳಾಸ ಬರೆಸಬೇಕು. ಅದಕ್ಕೇ ಮನೆ ನೋಡುವಾಗ ಅಡುಗೆಮನೆ ಎಷ್ಟು ದೊಡ್ಡದು ಅನ್ನುವ ಮೊದಲು, ಈ ವಿಳಾಸದಲ್ಲಿ ನಮ್ಮ ಹೆಸರು ನೋಂದಾಯಿಸಬಹುದಾ ಅಂತ ಕೇಳಿ. ಆಗಲ್ಲ ಅಂದರೆ ಆ ಮನೆ ಎಷ್ಟು ಚೆನ್ನಾಗಿದ್ದರೂ ಬೇಡ. ವಾಸವಿಲ್ಲದ ಗೆಳೆಯರ ವಿಳಾಸ ಬರೆಸುವ ಉಪಾಯವಂತೂ ಬೇಡವೇ ಬೇಡ. ಜರ್ಮನಿಯಲ್ಲಿ ಹಾಗೆ ವಿಳಾಸ ಕೊಟ್ಟವರಿಗೆ 50,000 ಯೂರೊವರೆಗೆ ದಂಡ ಹಾಕಬಹುದು. ನಿಮ್ಮಿಂದ ಅವರಿಗೆ ಯಾಕೆ ಆ ಕಷ್ಟ? ಇನ್ನೊಂದು ಸಣ್ಣ ವಿಷಯ: ಅಂಚೆ ಡಬ್ಬದ ಮೇಲೆ ನಿಮ್ಮ ಹೆಸರು ಅಂಟಿಸಿ, ಮನೆಯಲ್ಲಿ ಎಷ್ಟು ಸರ್‌ನೇಮ್ ಇವೆಯೋ ಅಷ್ಟೂ. ಗಂಡನ ಹೆಸರು ಮಾತ್ರ ಇದ್ದರೆ ಹೆಂಡತಿಯ ಪತ್ರ ಕಚೇರಿಗೇ ವಾಪಸ್ ಹೋಗುವ ಅಪಾಯ ಇದೆ.

ಹೆಂಡತಿಯ ಮಾತು ಬಂತಲ್ಲ, ಇದನ್ನು ಸ್ವಲ್ಪ ಖಾರವಾಗಿಯೇ ಬರೆಯುತ್ತೇನೆ. ಎಷ್ಟೋ ಮನೆಗಳಲ್ಲಿ ಡಿಪೆಂಡೆಂಟ್ ವೀಸಾದಲ್ಲಿ, ಅಂದರೆ ಗಂಡನ ಅಥವಾ ಹೆಂಡತಿಯ ವೀಸಾದ ಆಧಾರದ ಮೇಲೆ, ಬಂದವರ ಇಡೀ ಫೈಲು ಇನ್ನೊಬ್ಬರ ಕೈಯಲ್ಲಿರುತ್ತದೆ. ಅರ್ಜಿ ಹಾಕಿದ್ದು ಅವರ ಇಮೇಲ್‌ನಿಂದ, ಪಾಸ್‌ವರ್ಡ್ ಅವರಿಗೇ ಗೊತ್ತು, ಅರ್ಜಿಯ ನಂಬರು ಅವರ ಫೋನಿನಲ್ಲಿ. ತಮ್ಮ ಪರ್ಮಿಟ್ ಯಾವತ್ತು ಮುಗಿಯುತ್ತದೆ, ಅದರಲ್ಲಿ ಕೆಲಸ ಮಾಡಲು ಅನುಮತಿ ಇದೆಯಾ ಇಲ್ಲವಾ ಅನ್ನುವುದೇ ಎಷ್ಟೋ ಹೆಣ್ಣುಮಕ್ಕಳಿಗೆ ಗೊತ್ತಿರುವುದಿಲ್ಲ. ಪ್ರೀತಿಯಿಂದಲೇ ಹೀಗಾಗಿರುತ್ತದೆ, ಒಬ್ಬರು ನೋಡಿಕೊಂಡರೆ ಸಾಕು ಅಂತ. ಆದರೆ ಇಬ್ಬರಲ್ಲಿ ಒಬ್ಬರ ಕೆಲಸ ಹೋದರೆ, ಒಬ್ಬರು ಊರಿಗೆ ಹೋಗಿದ್ದಾಗ ಕಚೇರಿಯಿಂದ ಪತ್ರ ಬಂದರೆ, ದೇವರು ಒಳ್ಳೆಯದು ಮಾಡಲಿ, ಅದಕ್ಕಿಂತ ದೊಡ್ಡದೇನಾದರೂ ಆದರೆ ಆಗ ಯಾರು ಯಾರನ್ನು ಕೇಳಬೇಕು? ಮನೆಯಲ್ಲಿ ದೊಡ್ಡವರು ಎಷ್ಟು ಜನವೋ ಅಷ್ಟು ಫೈಲು, ಅಷ್ಟು ಲಾಗಿನ್. ಹೊರದೇಶದಲ್ಲಿ ಹುಟ್ಟಿದ ಮಗು ಭಾರತದ ಪೌರತ್ವದಲ್ಲಿ ಉಳಿಯಬೇಕು ಅಂದರೆ ಒಂದು ವರ್ಷದೊಳಗೆ ರಾಯಭಾರ ಕಚೇರಿಯಲ್ಲಿ ಜನನ ನೋಂದಣಿ ಆಗಬೇಕು, ತಡವಾದರೆ ಕೇಂದ್ರ ಸರ್ಕಾರದ ಅನುಮತಿ ಬೇಕು ಅನ್ನುವುದನ್ನೂ ಇಬ್ಬರೂ ತಿಳಿದಿರಲಿ. ಆ ಮಗುವಿನ ಸರ್‌ನೇಮ್ ಏನು ಅಂತ ಆಸ್ಪತ್ರೆಯಲ್ಲಿ ಅವಸರದಲ್ಲಿ ಬರೆಸಬೇಡಿ, ಮೇಲಿನ ಪುರಾಣ ಇನ್ನೊಂದು ತಲೆಮಾರಿಗೆ ಮುಂದುವರಿಯುತ್ತದೆ.

ನವೀಕರಣಕ್ಕೆ ಒಂದೇ ಸೂತ್ರ: ಅವಧಿ ಮುಗಿಯುವ ಮೊದಲು ಅರ್ಜಿ ಸೇರಿರಬೇಕು. ಬ್ರಿಟನ್, ಜರ್ಮನಿಯಂಥ ದೇಶಗಳಲ್ಲಿ ಹೊಸ ಪರ್ಮಿಟ್ ಕೈಗೆ ಬರುವುದು ತಡವಾದರೂ ಹಳೆಯ ಹಕ್ಕು ಮುಂದುವರಿಯುತ್ತದೆ, ಅರ್ಜಿ ಸಮಯಕ್ಕೆ ಹೋಗಿದ್ದರೆ. ಒಂದು ದಿನ ತಪ್ಪಿದರೂ ಕಥೆ ಬೇರೆ. ಆದರೆ ದೇಶದೊಳಗೆ ಇರಲು ಬಿಡುವ ಕಾಗದ ಹೊರಗೆ ಹೋಗಿ ವಾಪಸ್ ಬರಲೂ ಬಿಡುತ್ತದೆ ಅಂತೇನಿಲ್ಲ. ಟಿಕೆಟ್ ಮಾಡಿಸುವ ಮುನ್ನ ಅದನ್ನು ಓದಿ. ಕಾಯಂ ವಾಸಕ್ಕೆ ಹೊರಟವರು ಹೊರಗಿದ್ದ ದಿನಗಳ ಪಟ್ಟಿಯನ್ನು ಮೊದಲ ವರ್ಷದಿಂದಲೇ ಬರೆದಿಡಿ. ಬ್ರಿಟನ್ನಿನಲ್ಲಿ ಕೆಲಸದ ವೀಸಾದಿಂದ ಕಾಯಂ ಆಗುವವರು ಯಾವ 12 ತಿಂಗಳಲ್ಲೂ 180 ದಿನಕ್ಕಿಂತ ಹೆಚ್ಚು ಹೊರಗಿರುವಂತಿಲ್ಲ. ಕೆನಡಾದಲ್ಲಿ ಪಿಆರ್, ಅಂದರೆ ಕಾಯಂ ವಾಸದ ಹಕ್ಕು, ಉಳಿಸಿಕೊಳ್ಳಲು 5 ವರ್ಷದಲ್ಲಿ 730 ದಿನ ಒಳಗಿರಬೇಕು. ಐದು ವರ್ಷ ಆದಮೇಲೆ ಹಳೆಯ ಟಿಕೆಟ್ ಹುಡುಕುತ್ತಾ ಇಮೇಲ್ ಜಾಲಾಡುವುದು ಯಾರಿಗೆ ಬೇಕು? ಬ್ರಿಟನ್ನಿನಲ್ಲಿ ಈಗ ಕಾರ್ಡೇ ಇಲ್ಲ, ಎಲ್ಲ ಆನ್‌ಲೈನ್ ಖಾತೆಯಲ್ಲಿರುವ ಇ-ವೀಸಾ. ಅಲ್ಲಿರುವವರು ಹೊಸ ಪಾಸ್‌ಪೋರ್ಟ್ ಮಾಡಿಸಿದ ಕೂಡಲೇ ಅದರ ನಂಬರನ್ನು ಆ ಖಾತೆಗೆ ಸೇರಿಸಿ, ಇಲ್ಲದಿದ್ದರೆ ವಿಮಾನ ನಿಲ್ದಾಣದಲ್ಲಿ ಚೆಕ್-ಇನ್ ಹತ್ತಿರ ನಿಂತು ವಿವರಿಸಬೇಕಾಗುತ್ತದೆ.

ಸಂಘದ ಕಾರ್ಯಕ್ರಮಗಳಲ್ಲಿ ಸಿಗುವ ಸಲಹೆಗಳ ಬಗ್ಗೆಯೂ ಎರಡು ಮಾತು. ನನಗೆ ಏನೂ ಕೇಳಲೇ ಇಲ್ಲ, ಐದು ನಿಮಿಷದಲ್ಲಿ ಆಯ್ತು ಅನ್ನುವವರು ಸುಳ್ಳು ಹೇಳುತ್ತಿಲ್ಲ. ಅವರು ಯಾವ ವರ್ಷ ಹೋದದ್ದು, ಯಾವ ಬಗೆಯ ಪರ್ಮಿಟ್, ಯಾವ ಊರಿನ ಕಚೇರಿ ಅಂತ ಮೂರು ಪ್ರಶ್ನೆ ಕೇಳಿ ನೋಡಿ. ಮೂರರಲ್ಲಿ ಒಂದು ನಿಮಗೆ ಹೊಂದದಿದ್ದರೂ ಆ ಸಲಹೆ ನಿಮ್ಮದಲ್ಲ. ಕಚೇರಿಯ ಪಟ್ಟಿಯಲ್ಲಿ ಬರೆದದ್ದನ್ನು ಅವರು ಕೇಳಲಿಕ್ಕಿಲ್ಲ, ನೀವು ಒಯ್ದಿರಬೇಕು ಅಷ್ಟೇ.

ಸಂಘದಿಂದ ಕಾನೂನು ಸಲಹೆ ಕೊಡುವುದಿಲ್ಲ, ಕೊಡಲೂಬಾರದು. ಅರ್ಜಿ ತಿರಸ್ಕಾರವಾದರೆ ವಕೀಲರ ಹತ್ತಿರವೇ ಹೋಗಬೇಕು. ಆದರೆ ಸ್ಥಳೀಯ ಭಾಷೆ ಬಲ್ಲ ಕೆಲವು ಸದಸ್ಯರು ಅಪಾಯಿಂಟ್‌ಮೆಂಟಿಗೆ ಜೊತೆಯಲ್ಲಿ ಬರಲು, ಬಂದ ಪತ್ರ ಓದಿ ಹೇಳಲು ಒಪ್ಪಿದ್ದಾರೆ. ಬೇಕಾದವರು ಸಂಘಕ್ಕೆ ಬರೆಯಿರಿ. ಪತ್ರ ಓದಿಸಲು ಬರುವಾಗ ಫೋನಿನಲ್ಲಿ ತೆಗೆದ ಅರ್ಧ ಪುಟದ ಫೋಟೊ ಬೇಡ, ಪೂರ್ತಿ ಪತ್ರ ತನ್ನಿ, ಜೊತೆಗೆ ಅದು ಬಂದ ಕವರನ್ನೂ. ಜರ್ಮನಿಯಲ್ಲಿ ಅಧಿಕೃತ ಪತ್ರಗಳು ಬರುವ ಹಳದಿ ಕವರಿನ ಮೇಲೆ ಪತ್ರ ತಲುಪಿಸಿದ ದಿನವನ್ನು ಅಂಚೆಯವರು ಕೈಯಲ್ಲಿ ಬರೆದಿರುತ್ತಾರೆ, ಉತ್ತರ ಕೊಡುವ ಗಡುವು ಎಣಿಸುವುದು ಆ ದಿನದಿಂದಲೇ.