ಪಾತ್ರೆ ಉಜ್ಜುವವಳ ಬೆನ್ನು

ಮಾನ್ಯ ಸಂಪಾದಕರೇ,

17ನೇ ಶತಮಾನದ ಡಚ್ ಮನೆಗೆಲಸದ ಚಿತ್ರ ಎಂದರೆ ವರ್ಮೀರ್ ಎಂಬ ಚಿತ್ರಕಾರನ ಹಾಲು ಸುರಿಯುವವಳನ್ನಷ್ಟೇ ಅಚ್ಚು ಹಾಕುವುದು ರೂಢಿಯಾಗಿದೆ. ಕಾಗದದ ಮೇಲಿನ ಅಚ್ಚುಚಿತ್ರ, ರೇಖಾಚಿತ್ರಗಳಿಗೂ ಜಾಗ ಕೊಡಿ. ಅದೇ ಕಾಲದ ಡಚ್ ಕಲಾವಿದೆ ಹೇರ್ಟ್ರೌಟ್ ರೋಗ್‌ಮನ್ ಎಂಬಾಕೆ ಹೆಂಗಸರ ಮನೆಗೆಲಸದ ಐದು ಚಿತ್ರಗಳನ್ನು ಅಚ್ಚಿಗಾಗಿ ತಾಮ್ರದ ಹಲಗೆಯಲ್ಲಿ ಕೊರೆದಳು. ಒಂದರಲ್ಲಿ ಪಾತ್ರೆ ಉಜ್ಜುವವಳು ನಮಗೆ ಬೆನ್ನು ಹಾಕಿದ್ದಾಳೆ, ಮುಖವೇ ಕಾಣದು. ಚೆಲುವೆಯ ಗೊಡವೆ ಇಲ್ಲ, ಕೆಲಸವಷ್ಟೇ!

ಹಲಗೆಯಿಂದ ತೆಗೆದ ಅಚ್ಚಿನಲ್ಲಿ ಎಡಬಲ ಅದಲುಬದಲಾಗುತ್ತದೆ. ರೇಖಾಚಿತ್ರವನ್ನು ಇದ್ದಂತೆಯೇ ಹಲಗೆಗೆ ಇಳಿಸಿದರೆ ಚಿತ್ರದಲ್ಲಿ ಬಲಗೈಯಿಂದ ಹೊಲಿಯುವವಳು ಅಚ್ಚಿನಲ್ಲಿ ಎಡಗೈಯಲ್ಲಿ ಸೂಜಿ ಹಿಡಿಯುತ್ತಾಳೆ. ಕೆಂಪು ಚಾಕ್‌ನ ಚಿತ್ರದ ಮೇಲೆ ಒದ್ದೆ ಕಾಗದ ಒತ್ತಿ ತೆಗೆದ ಪ್ರತಿಯದೂ ಇದೇ ಪಾಡು. ಜೊತೆಗೆ ಮೂಲದ ಗೆರೆ ಮಸುಕಾಗುತ್ತದೆ. ಎಡಬಲ, ಗೆರೆ, ಬಣ್ಣ ನೋಡಿಯೇ ಚಿತ್ರ ಹೇಗೆ ಮಾಡಿದ್ದೆಂದು ತಿಳಿಯಬೇಕು. ಆದ್ದರಿಂದ ಪುಟದ ಅಂದಕ್ಕೆಂದು ಇಂಥ ಚಿತ್ರಗಳನ್ನು ಕಂಪ್ಯೂಟರಿನಲ್ಲಿ ಎಡಬಲ ತಿರುಗಿಸಬೇಡಿ, ಕೆಂಪು ಚಾಕ್‌ನದನ್ನು ಕಪ್ಪು-ಬಿಳುಪಿಗೆ ಇಳಿಸಬೇಡಿ.

– ಚಿತ್ರಕಲಾ ಶಿಕ್ಷಕ, ಧಾರವಾಡ